ರೂಟ್ ಇದ್ದವನ ಮೇಲೊಂದು ಕಣ್ಣು

"ನಮ್ಮ ಮೇಲೆ ನಂಬಿಕೆ ಇಲ್ವಾ?" ಕಂಪನಿಯ ಸರ್ವರ್‌ಗೆ ಮನೆಯಿಂದ ಲಾಗಿನ್ ಆದ ಕ್ಷಣದಿಂದ ಸ್ಕ್ರೀನ್ ರೆಕಾರ್ಡ್ ಆಗುತ್ತೆ ಅಂತ ನಿಯಮ ಬಂದಾಗ ಅಡ್ಮಿನ್‌ಗಳು ಕೇಳುವ ಮೊದಲ ಮಾತು ಇದು. ಸಣ್ಣ ಪ್ರಶ್ನೆಯಲ್ಲ. ನಂಬಿ ಕೆಲಸ ಕೊಟ್ಟ ಮೇಲೆ ಬೆನ್ನ ಹಿಂದೆ ಕ್ಯಾಮೆರಾ ಇಡೋದು ಸರಿನಾ?

ಆ ಅಧಿಕಾರ ಎಂಥದ್ದು ಅಂತ ಮೊದಲು ನೋಡೋಣ. ರೂಟ್ ಪಾಸ್‌ವರ್ಡ್ ಇದ್ದವನು ಎಲ್ಲರ ಸಂಬಳದ ಪಟ್ಟಿ ಓದಬಹುದು, ಡೇಟಾಬೇಸ್ ಅಳಿಸಬಹುದು, ಅಳಿಸಿದ ಗುರುತನ್ನೂ ಅಳಿಸಬಹುದು. ಅದಕ್ಕೇ ಈಗ ಎಷ್ಟೋ ಕಡೆ ನಡುವೆ ಒಂದು ಜಂಪ್ ಸರ್ವರ್ ಇರುತ್ತೆ. ಟಿಕೆಟ್ ನಂಬರ್ ಕೊಟ್ಟರೆ ಒಂದೆರಡು ಗಂಟೆಗೆ ಬಾಗಿಲು ತೆರೆಯುತ್ತೆ. ಪಾಸ್‌ವರ್ಡ್ ಅಡ್ಮಿನ್ ಕಣ್ಣಿಗೂ ಬೀಳಲ್ಲ. ಅವನು ಕೊಟ್ಟ ಕಮ್ಯಾಂಡ್‌ಗಳು ಅವನ ಕೈಗೆ ಎಟುಕದ ಕಡೆ ಉಳಿಯುತ್ತವೆ.

ಮನುಷ್ಯ ಒಳ್ಳೆಯವನಾದರೆ ಸಾಲದಾ? ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದ ನೆಟ್‌ವರ್ಕ್ ಎಂಜಿನಿಯರ್ ಟೆರ್ರಿ ಚೈಲ್ಡ್ಸ್ ಪ್ರಕರಣ ನೋಡಿ. ನಗರದ ಫೈಬರ್ ಜಾಲದ ಪಾಸ್‌ವರ್ಡ್‌ಗಳು ಅವರೊಬ್ಬರ ಬಳಿಯೇ ಇದ್ದವು. 2008ರಲ್ಲಿ ಮೇಲಧಿಕಾರಿಗಳು ಕೇಳಿದರೆ ಕೊಡಲಿಲ್ಲ. ಬಂಧನವಾಯ್ತು. ಕೊನೆಗೆ ಜೈಲಿಗೇ ಬಂದ ಮೇಯರ್ ಗ್ಯಾವಿನ್ ನ್ಯೂಸಮ್ ಅವರಿಗೆ ಮಾತ್ರ ಕೊಟ್ಟರು. 2010ರಲ್ಲಿ 4 ವರ್ಷ ಶಿಕ್ಷೆಯಾಯ್ತು. ತಿಳಿಯದವರ ಕೈಗೆ ಕೊಟ್ಟರೆ ಜಾಲ ಹಾಳಾಗುತ್ತೆ ಅನ್ನೋದು ಅವರ ವಾದ. ಇರಬಹುದು. ಆದರೆ ಅವರ ಮಾತನ್ನ ನಂಬೋದು ಬಿಟ್ಟರೆ ಬೇರೆಯವರಿಗೆ ದಾರಿ ಇರಲಿಲ್ಲ.

ನಮ್ಮ ಕಡೆ ದೇವಸ್ಥಾನದ ಹುಂಡಿ ಎಣಿಕೆ ಹತ್ತು ಜನರ ಎದುರಿಗೇ ನಡೆಯುತ್ತೆ. ಎಣಿಸಿ, ಬರೆದು, ಸಹಿ ಹಾಕ್ತಾರೆ. ಅರ್ಚಕರು ಕಳ್ಳರು ಅಂತಲ್ಲ. ನಾಳೆ ಯಾರಾದ್ರೂ ಇಲ್ಲಸಲ್ಲದ್ದು ಆಡಿದರೆ ಅವರ ಪರ ನಿಲ್ಲೋದು ಆ ಹಾಳೆ. ರೆಕಾರ್ಡಿಂಗೂ ಹಾಗೇ. ರಾತ್ರಿ ಎರಡಕ್ಕೆ ಡೇಟಾಬೇಸ್ ಬಿದ್ದರೆ ಮೊದಲು ಬೆರಳು ತೋರಿಸೋದು ಕಾಂಟ್ರಾಕ್ಟ್ ಮೇಲಿರುವ ಹುಡುಗನ ಕಡೆಗೆ. "ನಾನು ಮಾಡಿಲ್ಲ ಸರ್" ಅನ್ನೋ ಅವನ ಮಾತಿಗೆ ಬೆಲೆ ಬರೋದು ದಾಖಲೆ ಇದ್ದರೆ ಮಾತ್ರ.

ಆದರೆ ಹುಂಡಿ ಎಣಿಸೋರು ಅರ್ಚಕರ ಅಡುಗೆಮನೆಗೆ ಇಣುಕಲ್ಲ. ಕಂಪನಿಗಳು ಗೆರೆ ದಾಟೋದು ಇಲ್ಲೇ. ಸರ್ವರ್ ಕಾಯೋಕೆ ತಂದ ಸಾಧನದಲ್ಲಿ ಯಾರು ಎಷ್ಟು ಹೊತ್ತು ಟೈಪ್ ಮಾಡದೆ ಕೂತಿದ್ರು ಅಂತ ಲೆಕ್ಕ ತೆಗೆದು ಅಪ್ರೈಸಲ್‌ಗೆ ಇಟ್ಟರೆ ಅದು ಸಾಕ್ಷಿಯಲ್ಲ, ಬೇಹುಗಾರಿಕೆ. ಲಾಗ್‌ಗಳನ್ನ 180 ದಿನ ಇಟ್ಟಿರಬೇಕು ಅಂತ ಸರ್ಟ್-ಇನ್ 2022ರಲ್ಲೇ ಹೇಳಿದೆ. ನಮ್ಮ ರೆಕಾರ್ಡಿಂಗನ್ನ ಯಾರು, ಯಾವ ಕಾರಣಕ್ಕೆ ತೆರೆಯಬಹುದು ಅನ್ನೋದನ್ನೂ ಕಂಪನಿ ಅಷ್ಟೇ ಸ್ಪಷ್ಟವಾಗಿ ಬರೆದಿಡಬೇಕು. ಆ ನಿಯಮ ಕಾಂಟ್ರಾಕ್ಟ್ ಹುಡುಗನಿಗೂ ಸಿಟಿಓಗೂ ಒಂದೇ ಇರಬೇಕು.

ನಿಮ್ಮ ಆಫೀಸಲ್ಲಿ ಒಮ್ಮೆ ಕೇಳಿ ನೋಡಿ: ನನ್ನ ರೆಕಾರ್ಡಿಂಗ್ ತೆರೆದು ನೋಡಿದವರ ಹೆಸರೂ ಎಲ್ಲಾದ್ರೂ ದಾಖಲಾಗುತ್ತಾ? ಹೌದು ಅಂದ್ರೆ ನಿಶ್ಚಿಂತೆಯಿಂದ ಲಾಗಿನ್ ಆಗಿ. ಇಲ್ಲ ಅಂದ್ರೆ, "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಕೇಳೋ ಹಕ್ಕು ನಿಮಗಿದೆ.