ರಂಗವೈಭವವೂ ಪರಿಗ್ರಹ ಪರಿಮಾಣವೂ

ಪಂಪನ ‘ಆದಿಪುರಾಣ’ವನ್ನು ಓದಿದವರು ನೀಲಾಂಜನೆಯ ನೃತ್ಯಪ್ರಸಂಗವನ್ನು ಮರೆಯಲಾರರು. ಋಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದಂತೆಯೇ ಆ ದೇವನರ್ತಕಿಯ ಆಯುಷ್ಯ ತೀರಿತು. ರಸಭಂಗವಾಗದಿರಲೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳಂಥವಳೇ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸಿದನು. ಸಭೆ ನೃತ್ಯವನ್ನು ನೋಡುತ್ತಲೇ ಇತ್ತು. ಆದುದನ್ನು ಕಂಡವನು ಆದಿದೇವನೊಬ್ಬನೇ. ಈ ಪ್ರಸಂಗವನ್ನು ಅನಿತ್ಯಭಾವನೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಪಾಠವೂ ಅಡಗಿದೆ: ರಂಗದ ಮೇಲಿನ ವೈಭವಕ್ಕಾಗಿ ಒಬ್ಬರು ತೆತ್ತ ಬೆಲೆ ನೋಡುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಕನ್ನಡದ ಸಂಗೀತನಾಟಕಗಳ ವೈಭವವೂ ಅಗ್ಗದ್ದಾಗಿರಲಿಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕಾಗಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಆದರೆ ಕಂಪನಿಗಳಿಗೆ ಒಂದು ಅನುಕೂಲವಿತ್ತು. ಒಮ್ಮೆ ಬರೆಸಿದ ಪರದೆ, ಒಮ್ಮೆ ಹೊಲಿಸಿದ ಉಡುಪು ಊರೂರಿನ ಕ್ಯಾಂಪುಗಳಲ್ಲಿ ಎಷ್ಟೋ ರಾತ್ರಿ ಬಳಕೆಗೆ ಬರುತ್ತಿದ್ದವು. ಅಂಥ ನಾಟಕವನ್ನು ಇಂದು ಮರಳಿ ರಂಗಕ್ಕೆ ತರುವವರು ಪರದೆಯನ್ನು ಹೊಸದಾಗಿ ಬರೆಸಬೇಕು, ಮಟ್ಟುಗಳನ್ನು ಬಲ್ಲ ಹಿರಿಯರನ್ನು ಹುಡುಕಿ ಕಲಿಯಬೇಕು, ತಿಂಗಳುಗಟ್ಟಲೆ ತಾಲೀಮು ನಡೆಸಬೇಕು. ಪ್ರದರ್ಶನ ಮಾತ್ರ ಒಂದೋ ಎರಡೋ. ಅನೇಕ ರಾತ್ರಿಗಳಿಗೆ ಹಂಚಿಹೋಗುತ್ತಿದ್ದ ಭಾರ ಒಂದೇ ರಾತ್ರಿಯ ಮೇಲೆ ಬೀಳುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಹಾಡುಗಳಿಂದ ತುಂಬಿದ ಅಹೋರಾತ್ರಿ ನಾಟಕವಾಗಿ ಬಂದಿತು. 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಮತ್ತೆ ರಂಗವೇರಿತು. ರಂಗಾಯಣ ಸರ್ಕಾರದ ಆಶ್ರಯದಲ್ಲಿರುವ ಸಂಸ್ಥೆ. ಹಳ್ಳಿಗೆ ಅಂಥ ಆಸರೆಯಿಲ್ಲ.

ಶಿರಸಿ ತಾಲ್ಲೂಕಿನ ಇಸಳೂರಿನಂಥ ಊರಿಗೆ ಈ ವಿಚಾರ ದೂರದ್ದಲ್ಲ. ಎರಡು ವರ್ಷಗಳಿಗೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಕಂಪನಿ ನಾಟಕಗಳನ್ನು ನೋಡುತ್ತ ಬಂದ ಜನರಿರುವ ಸೀಮೆಯಿದು. ಇದೇ ತಾಲ್ಲೂಕಿನ ಸೋಂದೆಯಲ್ಲಿ ಜೈನ ಮಠವಿರುವುದರಿಂದ ಅಣುವ್ರತಗಳ ಮಾತೂ ಇಲ್ಲಿಗೆ ಹೊಸದಲ್ಲ. ಇಂಥ ಊರಿನ ತರುಣರು ಹಳೆಯ ಪೌರಾಣಿಕ ನಾಟಕವೊಂದನ್ನು ಹಿಂದಿನ ವೈಭವದಲ್ಲಿಯೇ ಆಡಲು ಹೊರಟರೆಂದು ಭಾವಿಸೋಣ. ವಂತಿಗೆ ಸಂಗ್ರಹವಾಗುತ್ತದೆ, ವೆಚ್ಚ ಅದನ್ನು ಮೀರುತ್ತದೆ. ಆಗ ಕಡಿತವಾಗುವುದು ಯಾವುದು? ದೀಪ, ಧ್ವನಿವರ್ಧಕ, ಪರದೆಗಳ ಬಾಡಿಗೆ ಮುಂಗಡವಾಗಿಯೇ ಸಂದಿರುತ್ತದೆ. ಕೊನೆಗೆ ಕಾಯುತ್ತ ನಿಲ್ಲುವವರು ಬಣ್ಣ ಹಚ್ಚಿದವನು, ತಬಲಾ ನುಡಿಸಿದವನು, ಚಪ್ಪರ ಹಾಕಿದ ಕೂಲಿಕಾರ. ‘ಇದೆಲ್ಲ ಕಲಾಸೇವೆ’ ಎಂಬ ಮಾತಿನಿಂದ ಅವರ ಬಾಕಿ ತೀರಿತೆಂದು ಭಾವಿಸುವುದುಂಟು.

ಈ ಕಡಿತವನ್ನು ಅಪರಿಗ್ರಹವೆಂದು ಕರೆಯಬಹುದೆ? ಕರೆಯಲಾಗದು. ಪರಿಗ್ರಹ ಪರಿಮಾಣವು ಶ್ರಾವಕನು ತನ್ನ ಬಯಕೆಗೆ ತಾನೇ ಹಾಕಿಕೊಳ್ಳುವ ಮಿತಿ. ಇನ್ನೊಬ್ಬನ ಕೂಲಿಗೆ ಹಾಕುವ ಮಿತಿಯನ್ನು ಆ ಹೆಸರಿನಿಂದ ಕರೆಯುವುದು ವ್ರತಕ್ಕೆ ಅಪಚಾರ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನ ನಿರೋಧವನ್ನೂ ಎಣಿಸುತ್ತದೆ. ತಾಳಲಾರದ ಹೊರೆ ಹೊರಿಸುವುದು, ಹೊತ್ತಿಗೆ ಉಣಿಸದಿರುವುದು ಹಿಂಸೆಯ ಬಗೆಗಳೇ. ಗದ್ದಲ, ದೀಪಗಳ ನಡುವೆ ನಿಲ್ಲಿಸಿದ ಆನೆಗೆ ಈ ಮಾತು ಅನ್ವಯಿಸುವಂತೆ, ಇರುಳೆಲ್ಲ ದುಡಿದು ಬರಿಗೈಯಲ್ಲಿ ಮರಳುವ ಮನುಷ್ಯನಿಗೂ ಅನ್ವಯಿಸುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದೊಂದು: ಕೊಳ್ಳುವಾಗ ಹಿರಿಯ ಅಳತೆ, ಕೊಡುವಾಗ ಕಿರಿಯ ಅಳತೆ. ಪೂರ್ಣ ದುಡಿಮೆಯನ್ನು ಪಡೆದು ಅರ್ಧ ಕೂಲಿ ಕೊಡುವುದು ಇದರಿಂದ ಬಹಳ ಭಿನ್ನವೇನಲ್ಲ.

ಹಾಗಿದ್ದರೆ ನಾಟಕವನ್ನೇ ಬಿಟ್ಟು ಆ ಹಣವನ್ನು ಆಹಾರ, ಔಷಧ, ಶಾಸ್ತ್ರದಾನಗಳಿಗೆ ವಿನಿಯೋಗಿಸಬಾರದೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾಲ ಮಾಡಿ, ಪಕ್ಕದ ಊರನ್ನು ಮೀರಿಸಬೇಕೆಂಬ ಛಲದಿಂದ ಮಾಡುವ ವೆಚ್ಚ ಮಾನಕಷಾಯದ ಪೋಷಣೆಯೇ ಸರಿ. ಆದರೆ ಹಾಡುಗಾರನಿಗೆ, ಪರದೆ ಬರೆಯುವವನಿಗೆ ಸಲ್ಲುವ ಹಣ ವ್ಯರ್ಥವಾಗುವುದಿಲ್ಲ. ಅದು ಒಂದು ಮನೆಯ ಅನ್ನವಾಗುತ್ತದೆ, ಒಂದು ವಿದ್ಯೆಯನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ. ಇಲ್ಲಿ ವಿವೇಕ ಕೇಳಬೇಕಾದ ಪ್ರಶ್ನೆ, ಎಷ್ಟು ವೆಚ್ಚವಾಯಿತೆಂಬುದಕ್ಕಿಂತ ಯಾರಿಗೆ ಮೊದಲು ಸಂದಿತೆಂಬುದು.

ಆದ್ದರಿಂದ ಮಿತಿಯನ್ನು ನಾಟಕ ಮುಗಿದ ಮೇಲಲ್ಲ, ತಾಲೀಮಿಗೆ ಮುನ್ನವೇ ಗೊತ್ತುಪಡಿಸಬೇಕು. ಕೂಡಿದ ವಂತಿಗೆಯಲ್ಲಿ ಮೊದಲು ದುಡಿಯುವವರ ಪಾಲನ್ನು ತೆಗೆದಿರಿಸಿ, ಉಳಿದುದರಲ್ಲಿ ವೈಭವವನ್ನು ಹೊಂದಿಸಬೇಕು. ಉಳಿದುದು ಅಲ್ಪವಾದರೆ ವೈಭವವೂ ಅಲ್ಪವಾಗಲಿ. ಅದರಿಂದ ನಾಟಕ ಕೆಡುವುದೆಂಬ ಭಯಕ್ಕೆ ಈ ಸೀಮೆಯ ಬಯಲಾಟವೇ ಉತ್ತರ ಹೇಳುತ್ತದೆ. ಅಲ್ಲಿ ಅರಮನೆ, ಅರಣ್ಯಗಳನ್ನು ಚಿತ್ರಿಸಿದ ಪರದೆಗಳಿಲ್ಲ; ಒಂದು ಮರದ ಪೀಠವೇ ಸಿಂಹಾಸನ, ಅದೇ ರಥ. ಭಾಗವತರ ಪದ, ಚಂಡೆ ಮದ್ದಳೆಗಳ ನಾದ, ಅರ್ಥಗಾರಿಕೆ ಇವೇ ಮಿಕ್ಕುದನ್ನೆಲ್ಲ ಪ್ರೇಕ್ಷಕರ ಮನಸ್ಸಿನಲ್ಲಿ ಮೂಡಿಸುತ್ತವೆ.

ಇಂದ್ರನು ಸಭೆಯ ರಸಭಂಗಕ್ಕೆ ಅಂಜಿದನು; ಆದಿದೇವನು ಅಳಿದವಳನ್ನು ಕಂಡನು. ನಾಟಕ ಆಡಿಸುವ ಶ್ರಾವಕನಿಗೆ ಇಂದ್ರನ ಕಾಳಜಿಯೂ ಇರಲಿ. ಆದರೆ ಪರದೆ ಬಿದ್ದ ಮೇಲೆ, ಬಣ್ಣ ಅಳಿಸಿಕೊಂಡು ಬಾಗಿಲಲ್ಲಿ ನಿಂತವನ ಮುಖವನ್ನು ಕಾಣುವ ಕಣ್ಣು ಅದಕ್ಕೂ ಮೊದಲು ಇರಬೇಕು.