ನಾಮಕ್ರಮ ಮತ್ತು ಆವೃತ್ತಿ



ಉಪಾಕರ್ಮದ ದಿನ ಪ್ರಾಕಾರದಲ್ಲಿ ಸೇರಿದ್ದ ವಟುಗಳ ನಡುವೆ ನಾವು ಕಂಡ ಒಂದು ಸಂಗತಿಯನ್ನು ಮೊದಲು ಅರಿಕೆ ಮಾಡುತ್ತೇವೆ. ಉಪನಯನವಾಗಿ ವರ್ಷ ತುಂಬಿದ ಬಾಲಕನೊಬ್ಬನು ಆಚಮನಕ್ಕೆ ಕುಳಿತು ಕೇಶವಾದಿ ನಾಮಗಳನ್ನು ಹೇಳತೊಡಗಿದನು. ದಾಮೋದರನವರೆಗಿನ 12 ನಾಮಗಳು ಸರಾಗವಾಗಿ ಬಂದವು. ಸಂಕರ್ಷಣ, ವಾಸುದೇವ ಎಂದವನು ಅಲ್ಲಿಯೇ ತಡವರಿಸಿ ನಿಂತನು; ಬಳಿಕ ಒಮ್ಮೆಗೇ ಹರಿ, ಕೃಷ್ಣ ಎಂದು ಮುಗಿಸಿಬಿಟ್ಟನು. ತಂದೆಯವರು ನಾಲ್ಕು ಜನರೆದುರಿಗೆ, "ಇವನಿಗೆ ಮೇಧಾಶಕ್ತಿಯೇ ಇಲ್ಲ" ಎಂದರು. ಹುಡುಗನು ತಲೆ ತಗ್ಗಿಸಿದನು. ವಿಚಾರಿಸಲಾಗಿ, ಹೀಗೆ ತಪ್ಪೀತೆಂಬ ಭಯದಿಂದಲೇ ಅವನು ಎರಡು ತಿಂಗಳಿಂದ ಸಂಧ್ಯಾವಂದನೆಯನ್ನು ಬಿಟ್ಟಿದ್ದನೆಂದು ತಿಳಿಯಿತು.

ತಂದೆಯವರ ಮಾತನ್ನು ನಾವು ಒಪ್ಪಲಾರೆವು. ಆಗತಾನೆ ಕೇಳಿದ್ದನ್ನು ಹಿಡಿದಿಡುವ ಸ್ಮೃತಿಯು ಎಲ್ಲರಲ್ಲಿಯೂ ಬೊಗಸೆಯ ನೀರಿನಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದರ ಮಿತಿಯನ್ನು ಸುಮಾರು ಏಳು ವಸ್ತುಗಳೆಂದು ಹೇಳಿದರು. ಹೀಗಿರಲು 24 ನಾಮಗಳು ಒಂದೇ ಸಲಕ್ಕೆ ನಿಲ್ಲುವುದೆಂತು? ಮೊದಲಿನವೂ ಕಡೆಯವೂ ಉಳಿದು ನಡುವಿನವು ಜಾರುವುದು ಮನಸ್ಸಿನ ಸ್ವಭಾವ. ಮೊದಲ ಹನ್ನೆರಡು ಅವನಿಗೆ ಬಂದುದಕ್ಕೆ ಬೇರೆ ಕಾರಣವೂ ಉಂಟು. ಅವು ನಿತ್ಯವೂ ಗೋಪೀಚಂದನ ಧರಿಸುವಾಗ ಬರುತ್ತವೆ. ಮಾರ್ಗಶಿರದಿಂದ ಕಾರ್ತಿಕದವರೆಗೆ ಮಾಸನಿಯಾಮಕರ ಹೆಸರಾಗಿಯೂ ಕಿವಿಗೆ ಬೀಳುತ್ತವೆ. ಮೇಧೆಯಲ್ಲಿ ಭೇದವಿಲ್ಲ, ಆವೃತ್ತಿಯಲ್ಲಿ ಭೇದವಿದೆ.

ಕೆನಡಾದ ಡೊನಾಲ್ಡ್ ಹೆಬ್ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಸ್ಮರಣೀಯ. ಒಂಬತ್ತು ಅಂಕಿಗಳ ಸಾಲನ್ನು ಒಮ್ಮೆ ಕೇಳಿಸಿ, ಅದೇ ಕ್ರಮದಲ್ಲಿ ಹೇಳಿಸುವುದು; ಬಳಿಕ ಇನ್ನೊಂದು ಸಾಲು, ಮತ್ತೊಂದು ಸಾಲು. ಆದರೆ ಪ್ರತಿ ಮೂರನೆಯ ಬಾರಿಗೆ ಒಂದೇ ಸಾಲು ಮರಳಿ ಬರುತ್ತಿತ್ತು. ಇದನ್ನು ಕೇಳುವವರಿಗೆ ತಿಳಿಸಿರಲಿಲ್ಲ. ಆದರೂ ಆ ಒಂದು ಸಾಲು ಮಾತ್ರ ಬರಬರುತ್ತಾ ಶುದ್ಧವಾಯಿತು, ಮಿಕ್ಕವು ಆಗಲಿಲ್ಲ. ಕ್ಷಣಕಾಲದ ಸ್ಮೃತಿಯೂ ತನ್ನ ಜಾಡನ್ನು ಬಿಟ್ಟೇ ಹೋಗುತ್ತದೆ. ಅದೇ ಜಾಡಿನಲ್ಲಿ ಮತ್ತೆ ನಡೆದರೆ ದಾರಿಯಾಗುತ್ತದೆ.

ನಮ್ಮ ಪಾಠಶಾಲೆಗಳ ಸಂಥೆಯ ಕ್ರಮವನ್ನು ನೋಡಿರಿ. ಗುರುಗಳು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಸಲ ಹೇಳುತ್ತಾನೆ. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಎಂದು ಪದಗಳನ್ನು ಜೋಡಿಸುವುದರಿಂದ ಪ್ರತಿಯೊಂದು ಪದವೂ ಮುಂದಿನದರ ಕೈಹಿಡಿದಿರುತ್ತದೆ. ಬಾಲಕರಿಗೂ ಹಾಗೆಯೇ ಪ್ರದ್ಯುಮ್ನ-ಅನಿರುದ್ಧ, ಅನಿರುದ್ಧ-ಪುರುಷೋತ್ತಮ, ಪುರುಷೋತ್ತಮ-ಅಧೋಕ್ಷಜ ಎಂದು ಹೇಳಿಸಬಹುದು. (ಇದು ಕಲಿಕೆಗೆ ಮಾತ್ರ, ಆಚಮನಕ್ಕಲ್ಲ.) ಒಂದೇ ದಿನ ನೂರು ಸಲ ಹೇಳಿಸುವುದು ಬೇಡ. ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲಿಯೇ ಪ್ರಕಟಿಸಿದಂತೆ, ಅರ್ಥವಿಲ್ಲದ 12 ಅಕ್ಷರಗುಚ್ಛಗಳ ಸಾಲನ್ನು ಒಂದೇ ಸಮನೆ 68 ಸಲ ಓದಿದ ಫಲವು ಮೂರು ದಿನಗಳಲ್ಲಿ ಹಂಚಿ 38 ಸಲ ಓದಿದಾಗ ದೊರೆಯಿತು. ತ್ರಿಕಾಲ ಸಂಧ್ಯೆಯಲ್ಲಿ ಈ ಹಂಚಿಕೆ ತಾನಾಗಿಯೇ ಇದೆಯಲ್ಲವೇ?

ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯವು ಆರಂಭವಾಗುವುದೇ ಆವೃತ್ತಿಯ ವಿಚಾರದಿಂದ. ಶ್ರವಣಾದಿಗಳನ್ನು ಒಮ್ಮೆ ಮಾಡಿದರೆ ಸಾಲದು, ಮತ್ತೆ ಮತ್ತೆ ಮಾಡಬೇಕು. ಉದ್ದಾಲಕರು ಶ್ವೇತಕೇತುವಿಗೆ ಒಂದೇ ತತ್ತ್ವವನ್ನು ಒಂಬತ್ತು ಸಲ ಉಪದೇಶಿಸಿದರು. ಹನ್ನೆರಡು ವರ್ಷ ಓದಿ ಬಂದ ಮಗನಿಗೆ! ಮಗನು ಇನ್ನೂ ತಿಳಿಸಿರೆಂದು ಕೇಳಿದಾಗಲೆಲ್ಲ ಹೊಸ ದೃಷ್ಟಾಂತವನ್ನು ಕೊಟ್ಟರೇ ಹೊರತು ಮಂದನೆಂದು ಜರೆಯಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ತಪ್ಪಿನ ಆವೃತ್ತಿಯಿಂದ ತಪ್ಪೇ ದೃಢವಾಗುತ್ತದೆ. ಇಂದು ಮೊಬೈಲಿನಲ್ಲಿ ಎಲ್ಲವನ್ನೂ ಕೇಳಬಹುದು. ಆದರೆ ನಮ್ಮ ತಪ್ಪನ್ನು ಅದು ಕೇಳಿಸಿಕೊಳ್ಳದು. ಆದುದರಿಂದ ಎದುರಿಗೆ ಒಬ್ಬರು ಕುಳಿತಿರಬೇಕು.

ಇದನ್ನೇ ಆ ತಂದೆಯವರಿಗೆ ಹೇಳಿ, ಸಾಯಂಕಾಲ ಹತ್ತು ನಿಮಿಷ ಮಗನೊಡನೆ ಕುಳಿತುಕೊಳ್ಳಿರೆಂದು ಕೇಳಿಕೊಂಡೆವು. ಕಾರ್ತಿಕ ದೀಪೋತ್ಸವಕ್ಕೆ ಇಬ್ಬರೂ ಬಂದಿದ್ದರು. ಹುಡುಗನು 24 ನಾಮಗಳನ್ನೂ ತಡೆಯಿಲ್ಲದೆ ಹೇಳಿದನು. ತಂದೆಯವರು ನಗುತ್ತಾ, ತಾವು ಇಷ್ಟು ವರ್ಷ ಅಚ್ಯುತನಾದ ಮೇಲೆ ಜನಾರ್ದನನನ್ನು ಬಿಟ್ಟು ನೇರವಾಗಿ ಉಪೇಂದ್ರನಿಗೆ ಹೋಗುತ್ತಿದ್ದರೆಂದೂ, ಮಗನೇ ಅದನ್ನು ತೋರಿಸಿಕೊಟ್ಟನೆಂದೂ ತಿಳಿಸಿದರು.

॥ ಶ್ರೀಕೃಷ್ಣಾರ್ಪಣಮಸ್ತು ॥