ಬಲೀಂದ್ರನಿಗೆ ಒಂದು ಕರೆ

ಬೇಡಿದವನು ವೇಷ ಮರೆಸಿ ಬಂದಿದ್ದರೂ ಕೊಟ್ಟ ಮಾತು ಉಳಿಸಿಕೊಳ್ಳಬೇಕೇ? ವಾಮನ ಬೇಡಿದ್ದು ಮೂರು ಹೆಜ್ಜೆ ನೆಲ. ಬಂದವನು ವಿಷ್ಣುವೆಂದು ಶುಕ್ರಾಚಾರ್ಯರು ಬಲಿಯನ್ನು ಎಚ್ಚರಿಸಿದರು. ಪ್ರಾಣಕ್ಕೆ, ಜೀವನೋಪಾಯಕ್ಕೆ ಕುತ್ತು ಬಂದಾಗ ಸುಳ್ಳು ದೋಷವಲ್ಲ ಎಂದೂ ವಾದಿಸಿದರು. ವಾದವೇನೋ ಗಟ್ಟಿಯಾದದ್ದೇ, ಇಂದಿನ ಯಾವ ವ್ಯಾಪಾರಿಯೂ ತಲೆದೂಗುವಂಥದ್ದು. ಬಲಿ ಒಪ್ಪಲಿಲ್ಲ. ಎರಡು ಹೆಜ್ಜೆಗೆ ಲೋಕಗಳೆಲ್ಲ ಮುಗಿದವು, ಮೂರನೆಯದಕ್ಕೆ ತಲೆಯೊಡ್ಡಿದ. ಉರ್ದುವಿನಲ್ಲಿ ನಾವು ವಫಾ ಎನ್ನುವುದು ಇದನ್ನೇ.

ಕಥೆಯಲ್ಲಿ ಗೆದ್ದವನು ವಾಮನ. ಆಚರಣೆ ಮಾತ್ರ ಸೋತವನ ಪಕ್ಷ. ಕೇರಳದವರು ಓಣಂಗೆ ಅಂಗಳದಲ್ಲಿ ಹೂವಿನ ರಂಗೋಲಿ ಹಾಕಿ ಕಾಯುವುದು ಮಾವೇಲಿಯನ್ನು. ನಮ್ಮ ತುಳುನಾಡಿನ ರೈತರು ದೀಪಾವಳಿಯಲ್ಲಿ ಗದ್ದೆಗೆ ದೀಪವಿಟ್ಟು ಕೂಗಿ ಕರೆಯುವುದು ಬಲೀಂದ್ರನನ್ನು. ಮಾತಿಗಾಗಿ ಎಲ್ಲವನ್ನೂ ಕಳಕೊಂಡವನನ್ನು ಅಸುರನೆಂದು ಬಿಟ್ಟುಬಿಡಲು ಜನರ ಮನಸ್ಸು ಒಪ್ಪಿಲ್ಲ. ಭಾಗವತದಲ್ಲೂ ಕೊನೆಗೆ ಸುತಲ ಲೋಕದಲ್ಲಿ ಬಲಿಯ ಬಾಗಿಲು ಕಾಯುವವನು ವಿಷ್ಣುವೇ.